ಪಟಿಕದ ಕಲ್ಲು ಮತ್ತು ರುಚಿಯಿಲ್ಲದ ವಿಷ

ಬೈಲಹೊಂಗಲ ತಾಲ್ಲೂಕಿನ ದೊಡವಾಡದ ಕಡೆ ಮಳೆಗಾಲದ ರಾಡಿ ನೀರಿಗೆ ಹಳೆಯ ಉಪಾಯವೊಂದಿದೆ. ಕೊಡದೊಳಗೆ ಪಟಿಕದ ಕಲ್ಲನ್ನು ನಾಲ್ಕು ಸುತ್ತು ತಿರುಗಿಸುವುದು. ನಮ್ಮ ಮನೆಗಳಲ್ಲಿ ಅದಕ್ಕೆ ಫಿಟ್ಕರಿ ಎನ್ನುತ್ತೇವೆ. ಸ್ವಲ್ಪ ಹೊತ್ತಿಗೆ ರಾಡಿ ತಳ ಸೇರುತ್ತದೆ. ಕಣ್ಣಿಗೆ ತಿಳಿ, ನಾಲಿಗೆಗೆ ಸಿಹಿ ಎನಿಸಿದ ನೀರೇ ಒಳ್ಳೆಯ ನೀರು ಎಂಬುದು ಹಿರಿಯರ ಪರೀಕ್ಷೆ. ಫ್ಲೋರೈಡಿನ ಮುಂದೆ ಆ ಪರೀಕ್ಷೆ ಸೋತಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವವರಿಗೆ ರುಚಿಯೂ ತಿಳಿಯದು.

ನಮ್ಮ ದೇಶದಲ್ಲಿ ಇದರ ಸುಳಿವು ಕೊಟ್ಟದ್ದು ಎತ್ತುಗಳು. 1930ರ ದಶಕದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯ ರೈತರು, ಉಳುವ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ನಿಲ್ಲುವುದನ್ನು ಕಂಡರು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಅಲ್ಲಿನ ಮನುಷ್ಯರಲ್ಲೂ ಅದೇ ಬೇನೆಯನ್ನು ಗುರುತಿಸಿ, ಕುಡಿಯುವ ನೀರಿನ ಫ್ಲೋರೈಡೇ ಕಾರಣವೆಂದು ಬರೆದರು.

ಕರ್ನಾಟಕದ ಕಥೆಯಲ್ಲಿ ಇನ್ನೊಂದು ತಿರುವಿದೆ. ಉತ್ತರದ ಜಿಲ್ಲೆಗಳಲ್ಲಿ ಜನ ಮೆಟ್ಟಿಲು ಬಾವಿಗೆ ಇಳಿದು, ಕಾಲು ಅದ್ದಿ ನೀರು ತುಂಬುತ್ತಿದ್ದರು. ನಾರುಹುಣ್ಣು ಹರಡುತ್ತಿದ್ದುದು ಹಾಗೆಯೇ. ಆ ಬಾವಿಗಳ ಬದಲು ಕೊಳವೆಬಾವಿ ಬಂತು, ಕೈಪಂಪು ಬಂತು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಇದು ಸಣ್ಣ ಗೆಲುವಲ್ಲ. ಆದರೆ ಬರ ಬಂದಂತೆಲ್ಲ ಕೊಳವೆ ಇನ್ನಷ್ಟು ಆಳಕ್ಕಿಳಿದು, ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರನ್ನು ಮುಟ್ಟಿತು. ಕಲ್ಲಿನ ಖನಿಜದಿಂದ ಫ್ಲೋರೈಡ್ ಕರಗಿ ಬರುವುದು ಅಂಥಲ್ಲೇ. ಗದಗ ಜಿಲ್ಲೆಯ ಮುಂಡರಗಿ, ತುಮಕೂರಿನ ಪಾವಗಡ ಈ ನೀರಿಗೆ ಹೆಸರಾದವು. ಬಯ್ಯೋಣವೆಂದರೆ ಇಲ್ಲಿ ಕಾರ್ಖಾನೆಯೂ ಇಲ್ಲ.

ಬಣ್ಣವಿಲ್ಲದ್ದನ್ನು ಹಿಡಿಯಲು ಬಣ್ಣವೇ ಬೇಕಾಯಿತು. ಜಿರ್ಕೋನಿಯಂ ಮತ್ತು ಅಲಿಜರಿನ್ ಬೆರೆಸಿದ ಕೆಂಪು ದ್ರಾವಣಕ್ಕೆ ನೀರು ಹಾಕಿದರೆ, ಫ್ಲೋರೈಡ್ ಇದ್ದಷ್ಟೂ ಕೆಂಪು ಅಳಿದು ಹಳದಿಯತ್ತ ಹೊರಳುತ್ತದೆ. ಅಲಿಜರಿನ್ ಎಂದರೆ ಒಂದು ಕಾಲಕ್ಕೆ ಗಿಡದ ಬೇರಿನಿಂದ ತೆಗೆದು ಬಟ್ಟೆಗೆ ಹಾಕುತ್ತಿದ್ದ ಬಣ್ಣ! ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ಮಾನಕ.

ಪರಿಹಾರ ಹುಡುಕುತ್ತ ಹೊರಟವರು ಕೊನೆಗೆ ತಲುಪಿದ್ದು ಪಟಿಕಕ್ಕೇ. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ರೂಪಿಸಿದ ವಿಧಾನಕ್ಕೆ ನಲ್ಗೊಂಡದ ಹೆಸರು. ನೀರಿಗೆ ಸುಣ್ಣ, ಪಟಿಕ, ಬ್ಲೀಚಿಂಗ್ ಪುಡಿ ಹಾಕಿ ಕಲಕುತ್ತಾರೆ. ಹತ್ತಿಯಂತೆ ಗಂಟುಕಟ್ಟುವ ಅಲ್ಯುಮಿನಿಯಂ ಕಣಗಳು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತವೆ. ಆದರೆ ಕೊಡಕ್ಕೆ ನಾಲ್ಕು ಸುತ್ತು ಸಾಲದು. ಅಳತೆ ಬೇಕು, ದಿನವೂ ಬೇಕು. ಕುದಿಸಿದರೆ ಹೋಗುತ್ತದೆ ಎಂದು ನಂಬಿದವರಿದ್ದಾರೆ. ಕುದಿದಷ್ಟೂ ನೀರು ಇಂಗಿ ಫ್ಲೋರೈಡ್ ಗಟ್ಟಿಯಾಗುತ್ತದೆ, ಅಷ್ಟೇ.

ತಳದ ಆ ಕೆಸರನ್ನು ಎಲ್ಲಿ ಚೆಲ್ಲುವುದು ಎಂಬ ಪ್ರಶ್ನೆ ಆಗಲೇ ಇತ್ತು. ಈಗ ಹಳ್ಳಿಹಳ್ಳಿಗೆ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಜರಡಿಯಲ್ಲಿ ಉಳಿದ, ಮೊದಲಿಗಿಂತ ಗಡುಸಾದ ನೀರು ಹಿಂದಿನ ಕೊಳವೆಯಿಂದ ಎಷ್ಟೋ ಕಡೆ ಚರಂಡಿಗೆ ಬಿದ್ದು, ಅದೇ ನೆಲದಲ್ಲಿ ಇಂಗುತ್ತದೆ.