ಇಲಿ ಬಿದ್ದ ಮನೆ

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಮನೆಗಳ ಹಿತ್ತಿಲಿಗೆ ಹೊಂದಿಕೊಂಡ ಕಿರಿದಾದ ಓಣಿಗಳನ್ನು ನೀವು ನೋಡಿರಬಹುದು. ಕನ್ಸರ್ವೆನ್ಸಿ ಗಲ್ಲಿಗಳೆಂದು ಅವುಗಳ ಹೆಸರು. ಮಲ ಹೊರುವ ಕೆಲಸಗಾರರು ಮುಂಬೀದಿಗೆ ಬಾರದಂತೆ ಬಿಟ್ಟ ದಾರಿ ಅದು. ಅಂದಿನ ನೈರ್ಮಲ್ಯಕ್ಕೆ ಇಂಥ ಮುಖವೂ ಇತ್ತು.

ಚಾಮರಾಜಪೇಟೆ 1892ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆದದ್ದು. ಬಸವನಗುಡಿ, ಮಲ್ಲೇಶ್ವರಗಳೂ ಅದೇ ದಶಕದವು. ಆದರೆ ಜನರನ್ನು ಅತ್ತ ತಳ್ಳಿದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ಮುಟ್ಟಿತು. ಹಳೆಯ ಪೇಟೆಯಲ್ಲಿ ಅಂಗಡಿ, ಉಗ್ರಾಣ, ಮಲಗುವ ಕೋಣೆ ಎಲ್ಲವೂ ಒಂದೇ ಸೂರಿನಡಿ. ಕಾಳಿದ್ದಲ್ಲಿ ಇಲಿ, ಇಲಿಯ ಪಕ್ಕದಲ್ಲೇ ಮನುಷ್ಯನ ಹಾಸಿಗೆ!

ಕೊಳಕು ಮತ್ತು ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ಅಧಿಕಾರಿಗಳಲ್ಲಿ ಹಲವರು ನಂಬಿದ್ದರು. ಮನೆಗಳಿಗೆ ಔಷಧ ಹೊಡೆಸಿದರು, ರೋಗಿಗಳನ್ನು ಊರಾಚೆಯ ಶಿಬಿರಗಳಿಗೆ ಸಾಗಿಸಿದರು. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅಂಥ ಗುಡಿಗಳು ನಗರದಲ್ಲಿ ಇಂದಿಗೂ ಇವೆ.

ವಿಚಿತ್ರವೆಂದರೆ, ನಿಜವಾದ ಕಾರಣ ಅದೇ ವರ್ಷದ ಜೂನ್‌ನಲ್ಲಿ ಕರಾಚಿಯಲ್ಲಿ ಸಿಕ್ಕಿತ್ತು. ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಚಿಗಟಗಳಿದ್ದ ರೋಗಪೀಡಿತ ಇಲಿಯನ್ನು ಗಾಜಿನ ಪಾತ್ರೆಯಲ್ಲಿಟ್ಟರು. ಅದಕ್ಕೆ ತಾಗದಂತೆ ಬಲೆಯ ಪಂಜರದಲ್ಲಿ ಆರೋಗ್ಯವಂತ ಇಲಿಯೊಂದನ್ನು ಇರಿಸಿದರು. ಮೊದಲನೆಯದು ಸತ್ತ ಕೆಲವೇ ದಿನಗಳಲ್ಲಿ ಎರಡನೆಯದೂ ಪ್ಲೇಗಿನಿಂದ ಸತ್ತಿತು. ಇಲಿಯಿಂದ ಇಲಿಗೆ ದಾಟಿದ್ದು ಚಿಗಟ! ಪಂಡಿತರು ಇದನ್ನು ಒಪ್ಪಲು ಸುಮಾರು ಹತ್ತು ವರ್ಷ ಹಿಡಿಯಿತು.

ನಮ್ಮ ಹಿರಿಯರಿಗೆ ಚಿಗಟದ ಸಂಗತಿ ತಿಳಿದಿರಲಿಲ್ಲ, ನಿಜ. ಆದರೆ "ಇಲಿ ಬಿತ್ತು" ಎಂದೊಡನೆ ಮನೆ ಬಿಟ್ಟು ಬಯಲಿನ ಗುಡಿಸಲಿಗೆ ಹೋಗಬೇಕೆಂಬುದು ತಿಳಿದಿತ್ತು. ಸತ್ತ ಇಲಿಯ ಮೈ ತಣ್ಣಗಾದಾಗ ಚಿಗಟ ಅದನ್ನು ಬಿಟ್ಟು ಬೇರೊಂದು ಬಿಸಿ ಮೈಯನ್ನು ಹುಡುಕುತ್ತದೆ. ಆ ಹೊತ್ತಿಗೆ ಮನೆಯಲ್ಲಿ ಮನುಷ್ಯರೇ ಇಲ್ಲದಿದ್ದರೆ? ಔಷಧ ಹೊಡೆಸಿದ್ದಕ್ಕಿಂತ ಈ ಓಟವೇ ಹೆಚ್ಚು ಜೀವ ಉಳಿಸಿರಬೇಕೆಂದು ನನಗನ್ನಿಸುತ್ತದೆ. ಹೊಸ ಬಡಾವಣೆಗಳ ಅಗಲ ಬೀದಿಗಳನ್ನು ಗಾಳಿ ಬೆಳಕಿಗೆಂದು ಬಿಟ್ಟಿದ್ದರೂ, ಉಗ್ರಾಣದಿಂದ ಹಾಸಿಗೆ ದೂರವಾದದ್ದೇ ಅಲ್ಲಿ ದೊರೆತ ದೊಡ್ಡ ಲಾಭ.

ಪ್ಲೇಗಿಗೆ ಇಂದು ಮದ್ದಿದೆ. ಆದರೆ ಇಲಿ ಊರು ಬಿಟ್ಟಿಲ್ಲ. ಅದರ ಮೂತ್ರ ಬೆರೆತ ಮಳೆನೀರಿನಲ್ಲಿ ಬರಿಗಾಲಿನಿಂದ ನಡೆದರೆ ಕಾಲಿನ ಗಾಯದ ಮೂಲಕ ಲೆಪ್ಟೊಸ್ಪೈರಾ ಎಂಬ ಜೀವಾಣು ಒಳಹೊಗುತ್ತದೆ. ಅದು ತರುವ ಕಾಯಿಲೆಯನ್ನು ಕನ್ನಡದಲ್ಲಿ ಇಲಿಜ್ವರವೆಂದೇ ಕರೆಯುತ್ತಾರೆ.