ಅಜ್ಜನ ಅಜ್ಜ ಯಾರು? ಧಾರವಾಡ ಜಿಲ್ಲೆಯಲ್ಲಿ ಮನೆತನದ ದಾಖಲೆ ಹುಡುಕುವುದು ಎಲ್ಲಿ, ಹೇಗೆ

ಧಾರವಾಡ: ಮುತ್ತಜ್ಜನ ಹೆಸರಿನ ತನಕ ಬಹಳಷ್ಟು ಮನೆಗಳಲ್ಲಿ ಹೇಳುವವರು ಸಿಗುತ್ತಾರೆ. ಅದರಾಚೆ ಕೇಳಿದರೆ ‘ಯಾರಿಗೆ ಗೊತ್ತಪಾ, ಹಳೇ ಮಂದಿ’ ಅಂತ ಮಾತು ಅಲ್ಲಿಗೇ ನಿಲ್ಲುತ್ತದೆ. ವಾಟ್ನಿ ಮಾಡಿಕೊಳ್ಳುವಾಗ, ಉತಾರದಲ್ಲಿ ಇನ್ನೂ ಸತ್ತವರ ಹೆಸರೇ ಇದೆ ಅಂತ ಗೊತ್ತಾದಾಗ, ಅಥವಾ ದೊಡ್ಡಾಯಿ ತೀರಿಹೋದ ಮೇಲೆ ಆಕೆಯ ತವರುಮನೆ ಯಾವ ಊರು ಅನ್ನುವ ಪ್ರಶ್ನೆ ಎದ್ದಾಗ ಹುಡುಕಾಟ ಶುರುವಾಗುತ್ತದೆ. ಅಷ್ಟೊತ್ತಿಗೆ ಹೇಳಬೇಕಾದವರು ಇರುವುದಿಲ್ಲ. ಆದರೆ ಕಾಗದಪತ್ರ ಇರುತ್ತದೆ, ಅದೂ ನಮ್ಮ ಭಾಗದಲ್ಲಿ ಜನ ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ.

ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಾಡಕಚೇರಿಯಲ್ಲಿ ಕೊಡುವ ‘ವಂಶವೃಕ್ಷ’ ಪ್ರಮಾಣಪತ್ರವೇ ಮನೆತನದ ಇತಿಹಾಸ ಅಂತ ಹಲವರು ತಿಳಿದಿದ್ದಾರೆ. ಅದು ಅರ್ಜಿದಾರರ ಹೇಳಿಕೆ, ಅಫಿಡವಿಟ್ ಮತ್ತು ಸ್ಥಳೀಯ ವಿಚಾರಣೆ ಮೇಲೆ ತಯಾರಾಗುವ ಪತ್ರ. ವಾರಸಾ ಕೆಲಸಕ್ಕೆ ಬೇಕಾದಷ್ಟು ತಲೆಮಾರು ಮಾತ್ರ ಅದರಲ್ಲಿ ಇರುತ್ತದೆ. ಅರ್ಜಿ ಹಾಕುವವರು ಏನು ಹೇಳುತ್ತಾರೋ ಅದೇ ಬರುವುದರಿಂದ, ಸರಿಯಾದ ಹೆಸರುಗಳನ್ನು ಮೊದಲೇ ಹುಡುಕಿ ಇಟ್ಟುಕೊಂಡವರಿಗೆ ಅಲ್ಲೂ ಕೆಲಸ ಹಗುರ.

ಉತಾರದಿಂದ ಹಿಂದಕ್ಕೆ

ಭೂಮಿ ಇರುವ ಮನೆಗಳಿಗೆ ಶುರು ಮಾಡಲು ಉತಾರಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಂದಿನ ಪಹಣಿ ‘ಭೂಮಿ’ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಖಾತೆದಾರರ ಹೆಸರಿನ ಜೊತೆ ಮ್ಯುಟೇಶನ್ ನಂಬರ್ ಇರುತ್ತದೆ. ಆ ನಂಬರೇ ಬೀಗದ ಕೈ. ಅದನ್ನು ಹಿಡಿದು ಹಿಂದಿನ ಮ್ಯುಟೇಶನ್, ಅದರ ಹಿಂದಿನದು, ಹೀಗೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಕಂಪ್ಯೂಟರ್‌ಗೆ ಬಂದ ದಾಖಲೆ ಸುಮಾರು 2000ನೇ ಇಸವಿ ಈಚಿನದು. ಅದಕ್ಕೂ ಹಿಂದಿನ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆ ರಜಿಸ್ಟರ್ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. 2024ರಲ್ಲಿ ಶುರುವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಸ್ಕ್ಯಾನ್ ಆದ ಕಡತಗಳ ನಕಲಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಹುಡುಕುವವರಿಗೂ ಅನುಕೂಲ, ಬರೀ ಹೆಸರು ಹೇಳಿದರೆ ಯಾರೂ ಹುಡುಕಿಕೊಡಲಾರರು.

ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಇಲ್ಲಿನ ರೈತರಿಗೆ ಒಂದು ಲಾಭ ಇದೆ. ಯಾರ ಹೊಲದ ಮೇಲೆ ಯಾರ ಹಕ್ಕು ಅಂತ ಬರೆದಿಡುವ ಪದ್ಧತಿಗೆ ಮುಂಬೈ ಸರಕಾರ 1903ರಲ್ಲೇ ಕಾಯ್ದೆ ತಂದಿತ್ತು. ಹಾಗಾಗಿ ಹಲವು ಊರುಗಳಲ್ಲಿ ಶತಮಾನದ ಹಿಂದಿನ ವಾರಸಾ ನೋಂದಣಿ ಈಗಲೂ ಓದಲು ಸಿಗುತ್ತದೆ. ಇಂಥವರು ತೀರಿಕೊಂಡರು, ಹಿಂದೆ ಇಂಥಿಂಥ ಮಕ್ಕಳಿದ್ದಾರೆ ಅಂತ ಎರಡೇ ಸಾಲು ಬರೆದಿದ್ದರೂ ಅದರಲ್ಲಿ ಎರಡು ತಲೆಮಾರು ಒಟ್ಟಿಗೆ ಕೈಗೆ ಬರುತ್ತವೆ.

ಈ ಸಾಲುಗಳಲ್ಲಿನ ಸಂಕ್ಷಿಪ್ತ ಅಕ್ಷರಗಳು ಹೊಸಬರನ್ನು ತಬ್ಬಿಬ್ಬು ಮಾಡುತ್ತವೆ. ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಅಂದರೆ ಇಂಥವರ ಹೆಂಡತಿ. ‘ಉರ್ಫ’ ಅಂದರೆ ಇನ್ನೊಂದು ಹೆಸರು; ಇದನ್ನು ಬಿಟ್ಟು ಓದಿದರೆ ಒಬ್ಬರೇ ಮನುಷ್ಯ ಇಬ್ಬರಾಗಿಬಿಡುತ್ತಾರೆ. ‘ಏ.ಕು.ಮ್ಯಾ.’ ಅಂದರೆ ಏಕತ್ರ ಕುಟುಂಬದ ಮ್ಯಾನೇಜರ್. ಹಿರಿಯ ಮಗನ ಹೆಸರಿನ ಮುಂದೆ ಇದು ಕಂಡರೆ ಅವರ ಹಿಂದೆ ತಮ್ಮಂದಿರು ಇದ್ದಾರೆ, ಅವರ ಹೆಸರು ಬೇರೆ ಕಡೆ ಹುಡುಕಬೇಕು ಅಂತ ಅರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದು ‘ಅ.ಪಾ.ಕ.’. ಅಜ್ಞಾನ ಪಾಲನಕರ್ತ, ಅಂದರೆ ವಯಸ್ಸಿಗೆ ಬಾರದ ಮಗುವಿನ ಪಾಲಕರು. ‘ಅ.ಪಾ.ಕ. ತಾಯಿ’ ಅಂತ ಬರೆದು ಒಂದು ಹೆಂಗಸಿನ ಹೆಸರಿದ್ದರೆ, ಗಂಡ ಸತ್ತಾಗ ಮಗ ಇನ್ನೂ ಸಣ್ಣವನಿದ್ದ ಅಂತ ತಿಳಿಯುತ್ತದೆ. ಎಷ್ಟೋ ಮನೆಗಳ ಮುತ್ತಜ್ಜಿಯರ ಹೆಸರು ಸರಕಾರಿ ಕಾಗದದಲ್ಲಿ ಉಳಿದಿರುವುದು ಈ ಒಂದೇ ಕಾರಣಕ್ಕೆ. ಗಂಡ ಬದುಕಿದ್ದ ಹೆಂಗಸಿನ ಹೆಸರು ಇಂಥ ರಜಿಸ್ಟರಿನಲ್ಲಿ ಬರೆಯುವ ಪ್ರಸಂಗ ಬರುತ್ತಿದ್ದದ್ದು ಕಡಿಮೆ.

ಹೆಣ್ಣುಮಕ್ಕಳ ಹೆಸರು ಎಲ್ಲಿ?

ಮನೆಯಲ್ಲಿ ತೂಗುಹಾಕಿದ ವಂಶಾವಳಿ ಪಟಗಳನ್ನು ನೋಡಿದರೆ ಗಂಡಸರಿಗೆ ಗಂಡಸರೇ ಹುಟ್ಟಿದಂತೆ ಕಾಣುತ್ತದೆ. ಹಳೆಯ ವಾರಸಾ ನೋಂದಣಿಯಲ್ಲೂ ಹೆಣ್ಣುಮಕ್ಕಳ ಹೆಸರು ಅಪರೂಪ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಆಮೇಲೆ ಇಡೀ ದೇಶಕ್ಕೆ 2005ರ ತಿದ್ದುಪಡಿ ಬಂದ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಅವರ ಹಕ್ಕು ಗಟ್ಟಿಯಾಯಿತು, ದಾಖಲೆಯಲ್ಲಿ ಅವರ ಹೆಸರೂ ಬರತೊಡಗಿತು. ಅದಕ್ಕೂ ಹಿಂದಿನ ಅತ್ತೆ, ಅಜ್ಜಿ, ಮುತ್ತಜ್ಜಿಯರನ್ನು ಹುಡುಕಲು ಬೇರೆ ದಾರಿ ಹಿಡಿಯಬೇಕು.

ಊರಿನ ಹಳೆಯ ಕನ್ನಡ ಶಾಲೆಯ ಜನರಲ್ ರಜಿಸ್ಟರ್ ಅದಕ್ಕೆ ಒಳ್ಳೆಯ ದಾರಿ. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ಜಾತಿ, ಶಾಲೆ ಬಿಟ್ಟ ಕಾರಣ ಎಲ್ಲವೂ ಅದರಲ್ಲಿ ಇರುತ್ತದೆ. ತಾಯಿಯ ತವರೂರಿನಲ್ಲಿ ಓದಿದ ಮಕ್ಕಳು ಬಹಳ, ಆದ್ದರಿಂದ ‘ಹುಟ್ಟಿದ ಊರು’ ಕಲಮು ತವರುಮನೆಯ ಸುಳಿವು ಕೊಡುತ್ತದೆ. ಜನ್ಮ ದಿನಾಂಕವನ್ನು ಮಾತ್ರ ಹುಷಾರಾಗಿ ನೋಡಬೇಕು. ಅರ್ಧ ಊರು ಜೂನ್ 1ರಂದೇ ಹುಟ್ಟಿರುತ್ತದೆ, ಅದು ಗುರುಗಳ ಕೃಪೆ.

ಇನ್ನೊಂದು ದಾರಿ 2002ರ ಮತದಾರರ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಇದೆ. ಆಗ ಬದುಕಿದ್ದ ಆಯಿ-ಮುತ್ತ್ಯಾರ ಹೆಸರು, ವಯಸ್ಸು, ಮನೆ ನಂಬರ್, ತಂದೆ ಅಥವಾ ಗಂಡನ ಹೆಸರು ಅದರಲ್ಲಿ ಸಿಗುತ್ತದೆ. 2002ರಲ್ಲಿ 80 ವರ್ಷ ಅಂತ ಬರೆದವರು 1920ರ ಆಸುಪಾಸು ಹುಟ್ಟಿದವರು. ಒಂದೇ ಮನೆ ನಂಬರಿನಲ್ಲಿ ಯಾರು ಯಾರು ಇದ್ದರು ಅಂತ ನೋಡಿದರೆ ಆಗಿನ ಕೂಡು ಕುಟುಂಬವೇ ಕಣ್ಣ ಮುಂದೆ ಬರುತ್ತದೆ.

ಸಬ್ ರಜಿಸ್ಟ್ರಾರ್ ಕಚೇರಿಯ ಬಕ್ಷೀಸ ಪತ್ರ, ಮೃತ್ಯುಪತ್ರ, ದತ್ತಕ ಪತ್ರಗಳಲ್ಲೂ ಹೆಣ್ಣುಮಕ್ಕಳ ಹೆಸರು ಬರುತ್ತದೆ. ದತ್ತಕ ಹೋದವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹೆಸರಿನ ಮುಂದಿನ ತಂದೆಯ ಹೆಸರೇ ಬದಲಾಗಿರುವುದರಿಂದ ಶಾಲೆ ರಜಿಸ್ಟರಿನಲ್ಲಿ ಒಬ್ಬರ ಮಗ, ಉತಾರದಲ್ಲಿ ಇನ್ನೊಬ್ಬರ ಮಗ ಆಗಿರಬಹುದು. ಮನೆಯ ಹಿರಿಯರು ಇಂಥದ್ದನ್ನು ಬಾಯಿಬಿಟ್ಟು ಹೇಳಲು ಹಿಂದೇಟು ಹಾಕುವುದೂ ಉಂಟು. ಎರಡನೇ ಸಂಬಂಧ, ಬಿಟ್ಟುಹೋದವರು, ಜಾತಿ ಬಿಟ್ಟು ಮದುವೆಯಾದವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಸಿಕ್ಕಿದ್ದನ್ನೆಲ್ಲ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಮೊದಲು ಸಂಬಂಧಪಟ್ಟವರನ್ನು ಕೇಳುವುದು ಒಳ್ಳೆಯದು.

ವತನ, ಸನದಿ, ಗೇಣಿ

ಗೌಡಕಿ, ಕುಲಕರ್ಣಿಕಿ, ದೇಸಗತಿ ಇದ್ದ ಮನೆಗಳಿಗೆ ದಾಖಲೆಯ ಕೊರತೆ ಇಲ್ಲ. ವತನ ತಂದೆಯಿಂದ ಮಗನಿಗೆ ಹೋಗುವ ಹುದ್ದೆ ಆದ್ದರಿಂದ ಬ್ರಿಟಿಷರು ವತನದಾರರ ವಂಶಾವಳಿಯನ್ನೇ ಬರೆಸಿಟ್ಟರು. ತಳವಾರಕಿ, ಶೇತಸನದಿಯಂಥ ಊರ ಚಾಕರಿಯ ಮನೆತನಗಳದ್ದೂ ಅದೇ ಕಥೆ. 1961ರ ಗ್ರಾಮ ಹುದ್ದೆಗಳ ರದ್ದು ಕಾಯ್ದೆಯಾದ ಮೇಲೆ ಆ ಜಮೀನುಗಳನ್ನು ಮರಳಿ ಮಂಜೂರು ಮಾಡಿದ ರೀಗ್ರಾಂಟ್ ಕಡತಗಳಲ್ಲಿ ಮೂರು-ನಾಲ್ಕು ತಲೆಮಾರಿನ ಹೆಸರು ಸಿಗುವ ಸಂಭವ ಹೆಚ್ಚು. ದಲಿತ ಕುಟುಂಬಗಳಲ್ಲೂ ಊರ ಚಾಕರಿಯ ಇನಾಂ ಇದ್ದವರು ಇದನ್ನು ನೋಡಲೇಬೇಕು.

ಸ್ವಂತ ಹೊಲ ಇಲ್ಲದೆ ಗೇಣಿ ಮಾಡಿದವರು ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಹುಡುಕಬೇಕು. 1974ರ ಭೂ ಸುಧಾರಣೆ ತಿದ್ದುಪಡಿ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಭೂ ನ್ಯಾಯಮಂಡಳಿಯ ಆ ಕಡತಗಳಲ್ಲಿ ‘ನಮ್ಮಪ್ಪ ಇಷ್ಟು ವರ್ಷದಿಂದ ಉಳುತ್ತಿದ್ದ’ ಅನ್ನುವ ಜಬಾಬುಗಳಿವೆ. ಓದು ಬಾರದ ಅಜ್ಜ ತನ್ನ ಬಗ್ಗೆ ತಾನೇ ಹೇಳಿ ಹೆಬ್ಬೆಟ್ಟು ಒತ್ತಿದ ಕಾಗದ ಬೇರೆಲ್ಲೂ ಸಿಗುವುದು ಕಷ್ಟ.

ಗ್ರಂಥಾಲಯದಲ್ಲಿ ಏನಿದೆ

ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ಎಸ್.ಎಸ್. ಬಸವನಾಳ ಗ್ರಂಥಾಲಯ, ಅದೇ ಆವರಣದಲ್ಲಿರುವ, 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ, ಮತ್ತು 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘ ಊರಲ್ಲೇ ಇವೆ. ಹೋಗುವ ಮೊದಲು ಹೊರಗಿನವರಿಗೆ ಓದಲು ಅವಕಾಶ ಹೇಗೆ ಅಂತ ಕೇಳಿಕೊಂಡು ಗುರುತಿನ ಚೀಟಿ ಇಟ್ಟುಕೊಂಡು ಹೋಗಬೇಕು.

ಅಲ್ಲಿ ಮನೆತನದ ಹೆಸರು ನೇರವಾಗಿ ಸಿಗುತ್ತದೆ ಅಂದುಕೊಳ್ಳಬಾರದು. ಸಿಗುವುದು ಊರಿನ ಕಥೆ. ಮುಂಬೈ ಗೆಜೆಟಿಯರಿನ ಧಾರವಾಡ ಸಂಪುಟ 1884ರದ್ದು. ಆಗ ಗದಗ, ಹಾವೇರಿ ಎಲ್ಲ ಧಾರವಾಡ ಜಿಲ್ಲೆಯೇ. ಅವು ಬೇರೆಯಾಗಿದ್ದು 1997ರಲ್ಲಿ, ಹಾಗಾಗಿ ಆ ಕಡೆಯವರಿಗೂ ಇದೇ ಪುಸ್ತಕ. ಬರಗಾಲ, ನೇಕಾರಿಕೆ, ಯಾವ ಪೇಟೆಗೆ ಯಾವ ಜನ ಬಂದರು ಎಲ್ಲ ಅದರಲ್ಲಿದೆ. ಎಂಥೋವೆನ್ 1920ರ ದಶಕದ ಆರಂಭದಲ್ಲಿ ಹೊರತಂದ ಮುಂಬೈ ಪ್ರಾಂತ್ಯದ ಜಾತಿ-ಬುಡಕಟ್ಟುಗಳ ಮೂರು ಸಂಪುಟಗಳಲ್ಲಿ ಬೆಡಗು, ಕುಲದೇವರು, ಮದುವೆ ಪದ್ಧತಿಗಳ ವಿವರ ಇದೆ. ಆದರೆ ಸಾಹೇಬರು ಜಾತಿಗಳ ‘ಸ್ವಭಾವ’ದ ಬಗ್ಗೆ ಬರೆದದ್ದನ್ನು ಪಕ್ಕಕ್ಕಿಟ್ಟು ಓದಬೇಕು. ಈ ಪುಸ್ತಕಗಳ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವಿನಲ್ಲಿ ಉಚಿತ. ಅಡ್ಡಹೆಸರಿನ ಮೂಲ ಹುಡುಕುವವರಿಗೆ ಎಂ.ಎಂ. ಕಲಬುರ್ಗಿ ಅವರ ನಾಮವಿಜ್ಞಾನದ ಕೆಲಸ ಉಪಯುಕ್ತ. ಅಡ್ಡಹೆಸರಿನಲ್ಲಿ ಊರಿನ ಹೆಸರಿದ್ದರೆ ಸಾಮಾನ್ಯವಾಗಿ ಅದು ಮೊದಲು ಬಿಟ್ಟುಬಂದ ಊರು. ಅಣ್ಣಿಗೇರಿಯಲ್ಲೇ ಇರುವವರನ್ನು ಅಣ್ಣಿಗೇರಿ ಅಂತ ಯಾರು ಕರೆಯುತ್ತಾರೆ?

ಶಾಸನಗಳಿಗೆ ಜಿಗಿಯುವ ಆತುರ ಬೇಡ. ಮುತ್ತಜ್ಜನ ತಂದೆ ಹೆಸರು ಗೊತ್ತಿಲ್ಲದೆ ನೇರ ಚಾಲುಕ್ಯರಿಗೆ ಗಂಟು ಹಾಕುವವರು ನಮ್ಮಲ್ಲಿ ಕಡಿಮೆ ಇಲ್ಲ.

ಹೆಳವರು ಬಂದಾಗ

ಉತ್ತರ ಕರ್ನಾಟಕದ ಮನೆತನಗಳಿಗೆ ಯಾವ ಗ್ರಂಥಾಲಯದಲ್ಲೂ ಇಲ್ಲದ ದಾಖಲೆ ಹೆಳವರ ಹತ್ತಿರ ಇದೆ. ಎತ್ತಿನೊಂದಿಗೆ ಊರೂರು ಸುತ್ತಿ, ತಮ್ಮ ಪಾಲಿಗೆ ಬಂದ ಮನೆಗಳ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನ ತನಕ ಹೆಸರು ಹೇಳುವವರು ಇವರು. ಯಾವ ಊರಿನಿಂದ ಯಾಕೆ ಎದ್ದು ಬಂದರು, ಬೆಡಗು ಯಾವುದು, ಅಣ್ಣ-ತಮ್ಮರು ಎಲ್ಲಿ ಬೇರೆಯಾದರು ಅನ್ನುವುದೂ ಅದರಲ್ಲಿ ಇರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು-ಕಡಿ, ಬಟ್ಟೆ, ರೊಕ್ಕ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಮತ್ತೆ ಬರುವುದು ವರ್ಷಗಳ ಮೇಲೆ.

ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದ ಮನೆಗಳ ಬಾಗಿಲಿಗೆ ಹೆಳವರು ಹೋಗುವುದಿಲ್ಲ, ಅಲ್ಲಿಗೆ ಆ ಮನೆಯ ಸಾಲು ನಿಲ್ಲುತ್ತದೆ. ಅವರ ಮಕ್ಕಳೂ ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ. ಊರಲ್ಲಿರುವ ಅಣ್ಣ-ತಮ್ಮರಿಗೆ ಹೇಳಿ, ಅವರು ಬಂದಾಗ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಅದು ಅವರ ಹೊಟ್ಟೆಪಾಡು, ಕಾಣಿಕೆಯಲ್ಲಿ ಜಿಪುಣತನ ಮಾಡಬಾರದು. ಹೇಳಿದ್ದೆಲ್ಲ ಅಕ್ಷರಶಃ ನಿಜ ಅಂತಲೂ ಹಿಡಿಯಬೇಕಿಲ್ಲ. ಹಳೆಯ ತಲೆಮಾರುಗಳಲ್ಲಿ ಹೊಗಳಿಕೆ ಸೇರಿರುತ್ತದೆ, ಈಚಿನ ನಾಲ್ಕೈದು ತಲೆಮಾರನ್ನು ವಾರಸಾ ನೋಂದಣಿ ಜೊತೆ ಇಟ್ಟು ನೋಡಿದರೆ ಹೊಂದಾಣಿಕೆ ಗೊತ್ತಾಗುತ್ತದೆ. ಕಾಶಿ, ಗಯಾ, ತ್ರ್ಯಂಬಕೇಶ್ವರದ ಪುರೋಹಿತರ ವಹಿಗಳೂ ಇದೇ ಥರ. ಯಾತ್ರೆಗೆ ಹೋದ ಹಿರಿಯರ ಹೆಸರು, ಕೆಲವೊಮ್ಮೆ ಅವರದೇ ಸಹಿ ಅಲ್ಲಿ ಸಿಗುತ್ತದೆ.

ಜಿಲ್ಲೆಯ ಹೊರಗೆ

ಕುಂದಗೋಳದವರು ಗಮನಿಸಬೇಕಾದದ್ದು: ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಆದ್ದರಿಂದ ಹಳೆಯ ಕಂದಾಯ ದಾಖಲೆಯ ಜಾಡು ಬೇರೆ. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. 1956ಕ್ಕೂ ಹಿಂದಿನ ಪ್ರಾಂತ್ಯ ಸರಕಾರದ ಕಡತಗಳಿಗೆ ಮುಂಬೈಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಅದಕ್ಕೂ ಹಿಂದಿನ ಪೇಶ್ವೆ ಕಾಲಕ್ಕೆ ಪುಣೆಯ ಪೇಶ್ವೆ ದಫ್ತರ ನೋಡಬೇಕು. ಅಲ್ಲಿನದು ಮೋಡಿ ಲಿಪಿ, ಬಲ್ಲವರ ಸಹಾಯ ಬೇಕೇ ಬೇಕು. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ವತನ-ದತ್ತಕದ ವ್ಯಾಜ್ಯ ಹೈಕೋರ್ಟಿನ ತನಕ ಹೋಗಿದ್ದರೆ, 1876ರಿಂದ ಪ್ರಕಟವಾದ ಇಂಡಿಯನ್ ಲಾ ರಿಪೋರ್ಟ್ಸ್ ಮುಂಬೈ ಸಂಪುಟಗಳಲ್ಲಿ ವಂಶಾವಳಿಯೇ ಅಚ್ಚಾಗಿರಬಹುದು.

ಬಾಸೆಲ್ ಮಿಷನ್ ಕಾಲದ ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಕುಟುಂಬಗಳಿಗೆ ಸಭೆಯ ದೀಕ್ಷಾಸ್ನಾನ ಮತ್ತು ಮದುವೆ ರಜಿಸ್ಟರ್ ಮೊದಲ ಆಧಾರ. ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ, ಬಾಸೆಲ್ ನಗರದ ಮಿಷನ್ ಪತ್ರಾಗಾರದ ಆನ್‌ಲೈನ್ ಫೋಟೋ ಸಂಗ್ರಹದಲ್ಲೂ ಇಲ್ಲಿಯ ಹಳೆಯ ಚಿತ್ರ, ಬರಹಗಳಿವೆ. ಮುಸ್ಲಿಂ ಕುಟುಂಬಗಳು ಖಾಜಿಯವರ ನಿಕಾಹ್ ದಫ್ತರದಿಂದ ಶುರು ಮಾಡಬಹುದು. ಅದರಲ್ಲಿ ವಧುವಿನ ಹೆಸರು, ಆಕೆಯ ತಂದೆಯ ಹೆಸರು ಎರಡೂ ಇರುವುದು ದೊಡ್ಡ ಅನುಕೂಲ. ಗೋವಾದಿಂದ ಬಂದ ಕ್ಯಾಥೋಲಿಕ್ ಕುಟುಂಬಗಳಿಗೆ ಫ್ಯಾಮಿಲಿಸರ್ಚ್ ತಾಣ ಉಪಯೋಗಕ್ಕೆ ಬರುತ್ತದೆ, ಖಾತೆ ಉಚಿತ. ಇಂಗ್ಲಿಷ್ ತಾಣಗಳಲ್ಲಿ ಹುಡುಕುವಾಗ ಊರಿನ ಹೆಸರನ್ನು ಹಳೆಯ ಕಾಲದ ಉಚ್ಚಾರದಲ್ಲೂ ಹಾಕಿ ನೋಡಬೇಕು: ಧಾರ್ವಾರ್, ಹುಬ್ಲಿ, ನವಲ್‌ಗುಂಡ್.

ಮನೆಯ ಟ್ರಂಕಿನಲ್ಲಿ ಹಳೆಯ ಕಾಗದ ಸಿಕ್ಕರೆ ಲ್ಯಾಮಿನೇಶನ್ ಮಾಡಿಸಬಾರದು, ಟೇಪು ಹಚ್ಚಬಾರದು. ಒಳಗೇ ಹಾಳಾಗುತ್ತದೆ, ಬಿಡಿಸಲೂ ಆಗುವುದಿಲ್ಲ. ಹಗಲು ಬೆಳಕಿನಲ್ಲಿ ಎರಡೂ ಬದಿ ಫೋಟೋ ತೆಗೆದು, ಮಡಿಕೆ ಬಿಚ್ಚಿ, ಒಣ ಜಾಗದಲ್ಲಿ ಇಡಬೇಕು. ಹಳೆಯ ಫೋಟೋದಲ್ಲಿ ಇರುವವರ ಹೆಸರನ್ನು ಗುರುತಿಸಬಲ್ಲ ಹಿರಿಯರು ಇದ್ದಾಗಲೇ ಅವರ ಮುಂದೆ ಕೂತು, ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಬೇಕು. ಬಾಲ್‌ಪೆನ್ನು ಬೇಡ, ಅದರ ಗೀರು ಮುಂಬದಿಗೆ ಮೂಡುತ್ತದೆ.