ಕಲ್ಲಚ್ಚಿನಿಂದ ಮೊಬೈಲಿನವರೆಗೆ: ನಮ್ಮ ಮಕ್ಕಳ ಕನ್ನಡ ಪಾಠ



ಕಳೆದ ತಿಂಗಳು ನಮ್ಮ ಯುವ ಸಂಘಟನೆಯ ಕೋಣೆಯನ್ನು ಶುಚಿ ಮಾಡುವಾಗ ಕಪಾಟಿನ ಕೆಳಗಿನ ಖಾನೆಯಲ್ಲಿ ನಾಲ್ಕು ಹಳೆಯ ಮೊಬೈಲ್‌ಗಳು ಸಿಕ್ಕವು. 2020ರಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ನಾವೇ ಮನೆಮನೆಗೆ ಹೋಗಿ ಕೇಳಿ ತಂದವು. ಈಗ ಒಂದೂ ಆನ್ ಆಗುವುದಿಲ್ಲ. ಬಿಸಾಡುವುದೋ ಇಡುವುದೋ ಎಂದು ಮಾತನಾಡುತ್ತಿದ್ದಾಗ ಒಂದು ಪ್ರಶ್ನೆ ಎದ್ದಿತು. ಮಕ್ಕಳು ಕಲಿಯಲಿ ಎಂದು ನಮ್ಮ ಕಡೆಗೆ ಹಿಂದೆಯೂ ಹೊಸ ಯಂತ್ರಗಳು ಬಂದಿದ್ದವಲ್ಲ, ಅವು ಏನನ್ನು ಉಳಿಸಿ ಹೋದವು?

ಮೊದಲು ನೆನಪಾಗುವುದು ಮಂಗಳೂರಿನ ಕಲ್ಲಚ್ಚು. ಆಗ ನಮ್ಮ ಕಾಸರಗೋಡು ಬೇರೆ ರಾಜ್ಯವಲ್ಲ, ಮಂಗಳೂರಿನ ಜೊತೆಗೇ ಮದ್ರಾಸ್ ಆಡಳಿತದಲ್ಲಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಶಾಲೆ ತೆರೆದರು. ಆದರೆ ಶಾಲೆಗೆ ಬಂದ ಮಕ್ಕಳ ಕೈಗೆ ಕೊಡಲು ಕನ್ನಡದ ಅಚ್ಚಾದ ಪುಸ್ತಕ ಸಾಕಷ್ಟು ಇರಲಿಲ್ಲ. ಓಲೆಗರಿಯ ಒಂದು ಪ್ರತಿಯಿಂದ ಇನ್ನೊಂದು ಪ್ರತಿ ಬರೆಯಲು ಎಷ್ಟು ದಿನ ಬೇಕು! 1841ರಲ್ಲಿ ಮಿಶನ್ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿತು.

ಅದರ ಕೆಲಸ ಸರಳ ರಸಾಯನಶಾಸ್ತ್ರ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಅಕ್ಷರ ಮೂಡಿಸುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿ ಹಚ್ಚುತ್ತಾರೆ. ನೀರಿದ್ದ ಕಡೆ ಮಸಿ ಹಿಡಿಯುವುದಿಲ್ಲ, ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ. ಕನ್ನಡಕ್ಕೆ ಇದು ದೊಡ್ಡ ಅನುಕೂಲವಾಯಿತು. ಅಚ್ಚುಮೊಳೆಯಾದರೆ ನಮ್ಮ ಕಾಗುಣಿತ, ಒತ್ತಕ್ಷರಗಳಿಗೆಲ್ಲ ನೂರಾರು ಬಿಡಿ ತುಂಡುಗಳು ಬೇಕು. ಕಲ್ಲಿಗೆ ಒಳ್ಳೆಯ ಕೈಬರಹ ಇದ್ದರೆ ಸಾಕು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಇಂಥ ಕಲ್ಲಿನಿಂದಲೇ ಹೊರಬಂತು. ಮುಂದೆ ಅಚ್ಚುಮೊಳೆಗಳು ಬಂದವು, ಶಾಲೆಯ ಪುಸ್ತಕಗಳು ಅಚ್ಚಾದವು. 1894ರಲ್ಲಿ ಕಿಟೆಲ್ಲರ ನಿಘಂಟು ಪ್ರಕಟವಾದದ್ದೂ ಇದೇ ಮುದ್ರಣಾಲಯದಿಂದ. ಧರ್ಮಪ್ರಚಾರ ಅವರ ಉದ್ದೇಶವಾಗಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಯಂತ್ರ ಇಲ್ಲಿನವರ ಭಾಷೆ ಕಲಿತದ್ದರಿಂದಲೇ ಎಲ್ಲ ಮನೆಯ ಮಕ್ಕಳಿಗೂ ಉಪಯೋಗಕ್ಕೆ ಬಂತು.

ಎರಡನೆಯ ಯಂತ್ರ ಆಕಾಶದಿಂದ ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳುಹಿಸಿದರು. ಇದೇ ‘ಸೈಟ್’ ಪ್ರಯೋಗ. ರಾಯಚೂರು, ಗುಲ್ಬರ್ಗ, ಬಿಜಾಪುರ ಕಡೆಯ ಹಳ್ಳಿ ಶಾಲೆಗಳಲ್ಲಿ ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನಾ ನಿಲ್ಲಿಸಿದರು. ಬೆಳಿಗ್ಗೆ ಮಕ್ಕಳಿಗೆ ಕನ್ನಡದಲ್ಲೇ ಪಾಠ, ಸಂಜೆ ಊರವರಿಗೆ ಕೃಷಿ, ಆರೋಗ್ಯದ ಮಾತು. ಟಿವಿ ಇಟ್ಟು ಸುಮ್ಮನಾಗಲಿಲ್ಲ. ರಜೆಯಲ್ಲಿ ಸಾವಿರಾರು ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿಯನ್ನೂ ಕೊಟ್ಟರು. ಆದರೆ ಉಪಗ್ರಹ ಸಾಲದ್ದು. 1976ರ ಜುಲೈ ಮುಗಿಯುತ್ತಲೇ ಪ್ರಯೋಗವೂ ಮುಗಿಯಿತು.

ಮುಂದೆ ಭಾರತವೇ 2004ರಲ್ಲಿ ಶಿಕ್ಷಣಕ್ಕೆಂದು ಎಜುಸ್ಯಾಟ್ ಉಪಗ್ರಹ ಹಾರಿಸಿತು. ಮರುವರ್ಷ ಕೇರಳದಲ್ಲಿ ವಿಕ್ಟರ್ಸ್ ಚಾನೆಲ್ ಆರಂಭವಾಯಿತು. 2020ರ ಜೂನ್ 1ರಂದು ಶಾಲೆಯ ಬಾಗಿಲು ಮುಚ್ಚಿದ್ದಾಗ ಪಾಠ ತಂದದ್ದು ಇದೇ ಚಾನೆಲ್.

ಆ ದಿನ ನಮಗೆ ಚೆನ್ನಾಗಿ ನೆನಪಿದೆ. ಪಾಠ ಮಲಯಾಳದಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಮೂರನೆಯ ತರಗತಿಯಲ್ಲಿದ್ದ ನಮ್ಮ ವಾರ್ಡಿನ ಒಬ್ಬ ಹುಡುಗ ಟಿವಿಯ ಎದುರು ಅರ್ಧ ಗಂಟೆ ಕೂತು, “ಅಕ್ಕ, ಟೀಚರ್ ಒಳ್ಳೆಯವರು, ಆದರೆ ಏನು ಹೇಳಿದ್ದು?” ಎಂದು ಕೇಳಿದ. ಆಮೇಲೆ ಕನ್ನಡದ ಪಾಠಗಳೂ ಯೂಟ್ಯೂಬಿನಲ್ಲಿ ಬಂದವು. ಆಗ ಮೊಬೈಲ್ ಬೇಕಾಯಿತು. ಮೊಬೈಲ್ ಕೊಟ್ಟರೆ ಗುಡ್ಡೆಯ ಕೆಳಗಿನ ಮನೆಗಳಿಗೆ ರೇಂಜ್ ಇಲ್ಲ. ಕೊನೆಗೆ ನಾವು ಸರದಿಯಲ್ಲಿ ಪಾಠ ಡೌನ್‌ಲೋಡ್ ಮಾಡಿ, ಮಾಸ್ಕ್ ಹಾಕಿ, ಒಂದೊಂದು ಜಗಲಿಯಲ್ಲಿ ಎರಡು ಮೂರು ಮಕ್ಕಳ ಜೊತೆ ಕೂತೆವು. ಅವರು ಕಲಿತದ್ದು ಆ ಜಗಲಿಯಲ್ಲಿ.

ನಾವು ತಪ್ಪಿದ್ದು ಆಮೇಲೆ. ಶಾಲೆ ತೆರೆದದ್ದೇ ತಡ, ಕೂರುವುದನ್ನು ಬಿಟ್ಟೆವು. ಮೊಬೈಲ್‌ಗಳು ಕಪಾಟು ಸೇರಿದವು. ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಕನ್ನಡ ಓದುವಾಗ ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ಅವನ ಕೈಯಲ್ಲಿ ನಮ್ಮೆಲ್ಲರ ಮೊಬೈಲಿಗಿಂತ ಒಳ್ಳೆಯ ಮೊಬೈಲ್ ಇದೆ.

ಕಲ್ಲಚ್ಚಾಗಲಿ ಉಪಗ್ರಹವಾಗಲಿ, ಮಗುವಿನ ಭಾಷೆ ಆಡಿದಾಗ, ಪಕ್ಕದಲ್ಲಿ ಒಬ್ಬರು ಕೂತಾಗ ಮಾತ್ರ ಕಲಿಸಿತು. ಭಾಷೆಯ ಭಾಗವನ್ನು ಹಿಂದಿನವರು ಮಾಡಿಟ್ಟು ಹೋಗಿದ್ದಾರೆ. ಕೂರುವ ಭಾಗ ನಮ್ಮದು.

ಬರುವ ಭಾನುವಾರದಿಂದ ಪೂಜೆಯ ನಂತರ ಒಂದು ಗಂಟೆ, ಚರ್ಚ್ ಹಾಲ್‌ನಲ್ಲಿ ಕನ್ನಡ ಓದು. ಲ್ಯಾಪ್‌ಟಾಪ್ ಒಂದಿದೆ, ಸ್ಪೀಕರ್ ಇದೆ. ಕೂರಲು ಜನ ಬೇಕು. ಹೆತ್ತವರೇ, ಮಕ್ಕಳನ್ನು ಕಳುಹಿಸಿ. ಯುವಕ ಯುವತಿಯರೇ, ನೀವೂ ಬನ್ನಿ.